ಕೌದಿಗೆ ಒಂದು ತುತ್ತು

ಮಂಚದಡಿಯ ಸೂಟ್‌ಕೇಸಿನಲ್ಲಿ
ಕುಲಾವಿ ಎರಡು, ಕುಂಚಿಗೆ ಒಂದು,
ಬೆನ್ನಿಗೆ ಲಾಡಿ ಕಟ್ಟುವ ಝಬಲಾ ಹನ್ನೊಂದು,
ಜೋಡಿ ಕಳೆದುಕೊಂಡ ಒಂದು ಕಾಲುಚೀಲ.
ಶಾಲ್ಮಲೆಗೆ ಐದು ತುಂಬಿತು,
ಅವಳ ಸೈಕಲ್ಲಿಗೆ ಜಾಗ ಬೇಕು.
‘ಯಾರಿಗಾರೆ ಕೊಟ್ಟಬಿಡು’ ಅಂದ ಇವನು.
ಕೊಡಲಿಲ್ಲ. ಕತ್ತರಿ ತಂದೆ.

ಬೈಲಹೊಂಗಲದಲ್ಲಿ ನಮ್ಮವ್ವ ಕೌದಿ ಹೊಲಿದದ್ದು
ಪಡಸಾಲೆಯ ತುಂಬ ಹಾಸಿ, ಅದರ ಮೇಲೇ ಕೂತು.
ನನಗಿರುವುದು ಅಂಬರನಾಥದಲ್ಲಿ ಹತ್ತುವ
ಏಳು ಐವತ್ತೆರಡರ ಲೋಕಲ್,
ಹೆಂಗಸರ ಡಬ್ಬಿ, ನಾಲ್ಕನೇ ಸೀಟು.
ಅಂದರೆ ಅರ್ಧ ಕುಂಡಿ ಹಲಗೆಯ ಮೇಲೆ,
ಇನ್ನರ್ಧ ಗಾಳಿಯ ಮೇಲೆ.

ಉಲ್ಹಾಸನಗರಕ್ಕೆ ಸೂಜಿಗೆ ದಾರ.
ಕಲ್ಯಾಣದ ನೂಕಿನಲ್ಲಿ ಸೂಜಿ ಸೆರಗಿಗೆ.
ದಿವಾ ದಾಟಿ ಮುಂಬ್ರಾದ ಗುಡ್ಡ ಬರುವಷ್ಟರಲ್ಲಿ
ಒಂದು ತೋಳು, ಬೇರೆ ಯಾವುದೋ ತಿಂಗಳ
ಒಂದು ಎದೆಗೆ ಕೂಡಿರುತ್ತದೆ.

ಎದುರಿನ ಫಿಲೋಮಿನಾ ಬಟಾಣಿ ಸುಲಿಯುವುದು ಬಿಟ್ಟು
ಹಳದಿ ತುಂಡೊಂದನ್ನು ಕಿಟಕಿಗೆ ಹಿಡಿದು
‘ಈ ಆನೆ ಯಾವಾಗಿನದು?’ ಅಂದಳು.
ಬಾಯಿ ತೆರೆದೆ.
ಠಾಣೆ ಬಂತು, ಹೋಯಿತು.
ಗೊತ್ತಿರಲಿಲ್ಲ.

ಮೂರು ತಿಂಗಳಿಗೇ ರಜೆ ತೀರಿತ್ತು.
ಬೈಕುಲ್ಲಾದ ಆಫೀಸಿನ ಬಚ್ಚಲಿನಲ್ಲಿ ನಿಂತು
ನಾನು ಹಾಲು ಹಿಂಡಿ ಚೆಲ್ಲುತ್ತಿದ್ದ ಹೊತ್ತಿಗೆ
ಅವಳು ಅಲ್ಲಿ ಮಗುಚಿಕೊಂಡಳು, ಎದ್ದು ಕೂತಳು,
ಅಂಗಿಯಿಂದ ಅಂಗಿಗೆ ದೊಡ್ಡವಳಾದಳು.
ಸಂಜೆ ನನಗೆ ಸಿಗುತ್ತಿದ್ದದ್ದು
ತೊಳೆದ ಮುಖ, ಎರಡು ಜುಟ್ಟು,
ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿದ
ಒದ್ದೆ ಬಟ್ಟೆಯಂಥ ಒಂದು ದಿನ.

ಭಾನುವಾರ ತುಂಡುಗಳನ್ನೆಲ್ಲ ಹೊತ್ತು
ಮಂದಾ ಗುರವ ಮಾವ್ಶಿಯ ಪಾಳಣಾಘರಕ್ಕೆ,
ಅಂದರೆ ಅವಳ ಅಡಿಗೆಮನೆಗೆ, ಹೋದೆವು.
ಚಷ್ಮಾ ಸಿಗಲಿಲ್ಲ ಅವಳಿಗೆ. ಬೆರಳಿನಿಂದಲೇ ಓದಿದಳು:
ಇದು ಬೀಟ್‌ರೂಟು.
ಇದು ದೃಷ್ಟಿಯ ಕಾಡಿಗೆ, ಎಷ್ಟು ತಿಕ್ಕಿದರೂ ಹೋಗಲಿಲ್ಲ.
ಇದರಲ್ಲಿ ಜ್ವರ.
ಈ ಆನೆಯದರಲ್ಲಿ, ನೋಡು, ಫ್ರಿಜ್ಜು ಹಿಡಿದು ನಿಂತಳು,
ಮಂಗಳವಾರ, ಅವತ್ತು ನಳ ಬಂದಿರಲಿಲ್ಲ,
ಕೈಬಿಟ್ಟು ಎರಡು ಹೆಜ್ಜೆ. ಆಮೇಲೆ ಧೊಪ್ಪ.

ನನಗೇಕೆ ಹೇಳಲಿಲ್ಲ?

ಮಾವ್ಶಿ ಒಂದು ಲಾಡಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.
ಮೂರು ದಿನ ಬಿಟ್ಟು ನೀನೇ ಓಡಿ ಬಂದೆಯಲ್ಲ,
ನಿನ್ನೆ ರಾತ್ರಿ ಮೊದಲ ಹೆಜ್ಜೆ ಇಟ್ಟಳು ಮಾವ್ಶಿ, ಅಂತ.
ಪೇಢೆ ತಂದಿದ್ದೆ.
ನಾನು ತಿಂದೆ.

ಸೂಜಿಯನ್ನು ಕೈಯಿಂದ ಕೈಗೆ ಕೊಡಬಾರದಂತೆ,
ಜಗಳವಾಗುತ್ತದಂತೆ.
ನೆಲದ ಮೇಲಿಟ್ಟೆ. ಎತ್ತಿಕೊಂಡಳು.
ಅವಳ ಹೊಲಿಗೆ ಉದ್ದುದ್ದ, ನನ್ನದು ಗಿಡ್ಡ.
ಆನೆಯ ಸೊಂಡಿಲು ಒಂದಿಂಚು ಎಡಕ್ಕೆ ಹೋಯಿತು.
ಬಿಚ್ಚಲಿಲ್ಲ.
ಅಂಚಿಗೆ ಅವಳ ಹಳೇ ಒಂಬತ್ತು ಗಜದ ಹಸಿರು ಬಂತು,
ಕೇಳಿರಲಿಲ್ಲ ನಾನು.

ಕಡೇ ಮೂಲೆ ಮುಚ್ಚುವ ಮುಂಚೆ
ಕೌದಿಗೂ ಒಂದು ತುತ್ತು ಇಡಬೇಕು, ಅನ್ನುತ್ತಿದ್ದಳು ಅವ್ವ.
ಹಸಿದ ಕೌದಿ ಹೊದ್ದವರ ನಿದ್ದೆ ತಿನ್ನುತ್ತದೆ.
ಅವಳು ಇಡುತ್ತಿದ್ದದ್ದು ಜೋಳದ ರೊಟ್ಟಿಯ ಚೂರು.
ಇಲ್ಲಿದ್ದದ್ದು ಬೆಳಗಿನ ಅಕ್ಕಿ ಭಾಕರಿ.
ಶಾಲ್ಮಲೆ ಅದರಲ್ಲಿ ಅರ್ಧ ತಾನೇ ಕಚ್ಚಿಕೊಂಡು
ಉಳಿದದ್ದನ್ನು ಬೆರಳಿನಿಂದ ಒಳಗೆ ತುರುಕಿ
‘ಆಯೀ, ಇದಕ್ಕ ಹೊಟ್ಟಿ ತುಂಬಿತಾ?’ ಅಂದಳು.
ಆಯಿ ಅಂದರೆ ನಮ್ಮ ಕಡೆ ಅಜ್ಜಿ, ಇವರ ಕಡೆ ತಾಯಿ.
ಯಾರನ್ನು ಕೇಳಿದಳೋ.
ಇಬ್ಬರೂ ಹೂಂ ಅಂದೆವು.

ಮೂಲೆ ಮುಚ್ಚಿ, ಗಂಟು ಹಾಕಿ, ದಾರ ಕಡಿದು
ಅಲ್ಲೇ ಅವಳನ್ನು ಮಲಗಿಸಿ ಹೊದಿಸಿದೆವು.
ಅಳತೆ ತಪ್ಪಿದೆ.
ಪಾದ ಎರಡೂ ಈಗಲೇ ಹೊರಗೆ.